ಅಕ್ಕನ ಪೆನ್ ಡ್ರೈವೂ ಭಾವನ ಹೌದೂ

ನನ್ನ ಭಾವ ಯಾರಿಗಾದರೂ ‘ಬೇಡ’ ಎಂದದ್ದನ್ನು ನಾನು ಒಂದೇ ಒಂದು ಸಲ ಕಂಡಿದ್ದೇನೆ. ಆಗ ನಾನು ಅವರ ಪಕ್ಕದಲ್ಲೇ ನಿಂತಿದ್ದೆ ಎನ್ನುವುದು ನನ್ನ ಬಾಳಿನ ದೊಡ್ಡ ಭಾಗ್ಯಗಳಲ್ಲೊಂದು. ಅದನ್ನು ಹೇಳುವುದಕ್ಕೆ ಮುಂಚೆ ಅವರ ‘ಹೌದು’ಗಳ ವಿಸ್ತಾರವನ್ನು ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಆ ‘ಬೇಡ’ದ ತೂಕ ನಿಮಗೆ ತಿಳಿಯುವುದಿಲ್ಲ.

ಭಾವ ರೈಲು ನಿಲ್ದಾಣದಲ್ಲಿ ಕಳೆದುಹೋದ ಸಾಮಾನಿನ ವಿಭಾಗದ ಗುಮಾಸ್ತರು. ರೈಲಿನಲ್ಲಿ ಜನ ಬಿಟ್ಟುಹೋದ ಬ್ಯಾಗು, ಛತ್ರಿ, ಊಟದ ಡಬ್ಬಿ ಎಲ್ಲಕ್ಕೂ ಚೀಟಿ ಕಟ್ಟಿ ಇಡುವುದು, ಕೇಳಿ ಬಂದವರಿಗೆ ಪರೀಕ್ಷೆ ಮಾಡಿ ಕೊಡುವುದು ಅವರ ಕೆಲಸ. ಚೀಟಿ ಕಟ್ಟುವುದರಲ್ಲಿ ಎತ್ತಿದ ಕೈ. ಪರೀಕ್ಷೆಯ ಭಾಗ ಮಾತ್ರ ಅವರಿಗೆ ಒಗ್ಗಲಿಲ್ಲ. “ಅದು ನಂದು” ಎಂದು ಯಾರು ಬೆರಳು ತೋರಿಸಿದರೂ “ಹೌದು, ನಿಮ್ದೇ ಇರ್ಬೇಕು” ಎಂದು ಕೊಟ್ಟುಬಿಡುತ್ತಾರೆ. ನಮ್ಮ ಮನೆಯಲ್ಲಿ ಛತ್ರಿ ಇಲ್ಲದಿರುವುದಕ್ಕೆ ಕಾರಣ, ತಾವೇ ರೈಲಿನಲ್ಲಿ ಮರೆತ ಛತ್ರಿಯನ್ನು ಮಾರನೆಯ ದಿನ ಭಾವ ತಮ್ಮ ಕೈಯಾರೆ ಬೇರೊಬ್ಬರಿಗೆ ಕೊಟ್ಟುಬಂದದ್ದು.

ಒಮ್ಮೆ ಅವರ ವಿಭಾಗ ಹಳೆಯ ಕೋಣೆಯಿಂದ ಹೊಸ ಕೋಣೆಗೆ ಹೋಯಿತು. ಭಾವ ಒಂದು ಚೀಟಿಯೂ ಹರಿಯದಂತೆ ಬಿಚ್ಚಿ, ಹೊಸ ಕೋಣೆಯ ಕಪಾಟುಗಳಲ್ಲಿ ಸಾಲಾಗಿ ಜೋಡಿಸಿದರು. ಮೇಲಧಿಕಾರಿ ಬಂದು ನೋಡಿದರೆ ಕಪಾಟಿನ ತುಂಬ ಬರೀ ಚೀಟಿ. “ಸಾಮಾನೆಲ್ಲಿ?” ಎಂದು ಕೇಳಿದರು. “ಎಲ್ಲಾ ಬಂದಿದೆ ಸಾರ್, ನಾನೇ ತಾಳೆ ನೋಡಿದೀನಿ” ಎಂದರು ಭಾವ. ಬ್ಯಾಗುಗಳೆಲ್ಲ ಹಳೆಯ ಕೋಣೆಯಲ್ಲಿ, ಯಾವುದು ಯಾರದೆಂದು ತಿಳಿಯದೆ, ಅನಾಥವಾಗಿ ಬಿದ್ದಿದ್ದವು. ಈ ಚೀಟಿಯ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಂಪ್ಯೂಟರು ಮನೆಗೆ ಬಂದ ಮೇಲೆ ಭಾವನ ಈ ಗುಣಕ್ಕೆ ಹೊಸ ಮೈದಾನ ಸಿಕ್ಕಿತು. ಅದು ಮಾತುಮಾತಿಗೂ ಏನಾದರೊಂದು ಕೇಳುತ್ತದೆ. ಹೌದು ಅಥವಾ ಇಲ್ಲ, ಎರಡೇ ಉತ್ತರ. ಭಾವ ಓದುವ ಗೋಜಿಗೇ ಹೋಗದೆ ‘ಹೌದು’ ಒತ್ತುತ್ತಾರೆ.

“ಓದಿ ಒತ್ತಬಾರ್ದಾ ಭಾವ?” ಎಂದು ಕೇಳಿದ್ದೆ.

“ಪಾಪ, ಅಷ್ಟು ಮರ್ಯಾದೆಯಿಂದ ಕೇಳ್ತಿದೆ. ಇಲ್ಲ ಅನ್ನೋಕೆ ಮನಸ್ಸು ಬರಲ್ಲ ಕಣಯ್ಯ” ಎಂದರು.

ಮನುಷ್ಯರಿಗೆ ಮರ್ಯಾದೆ ಕೊಡುವವರನ್ನು ನಾನು ನೋಡಿದ್ದೆ. ಯಂತ್ರದ ಮನಸ್ಸು ನೋಯಬಾರದೆಂದು ಹಿಂಜರಿಯುವವರನ್ನು ನೋಡಿದ್ದು ಅದೇ ಮೊದಲು. ಅಕ್ಕನ ಮನೆಯಲ್ಲೇ ನನ್ನ ಬಿಡಾರವಾದ್ದರಿಂದ ಇಂಥ ದರ್ಶನಗಳು ನನಗೆ ಆಗಾಗ ಸಿಗುತ್ತವೆ.

ಅಕ್ಕ ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಟೀಚರು. ಮಕ್ಕಳಿಗೆ ಕೈಮಾತು ಕಲಿಸುತ್ತಾಳೆ, ಮಕ್ಕಳಿಂದ ಅವಳೂ ಕಲಿಯುತ್ತಾಳೆ. ಒಂದೊಂದು ಪದಕ್ಕೆ ಕೈ ಹೇಗೆ ಆಡುತ್ತದೆ, ಮುಖ ಹೇಗಿರುತ್ತದೆ ಎಂದು ವರ್ಷಗಟ್ಟಲೆ ವಿಡಿಯೋ ಮಾಡಿ, ಕೈಮಾತಿನ ಒಂದು ನಿಘಂಟನ್ನೇ ಕಟ್ಟಿದ್ದಳು. ಮಕ್ಕಳು ದೊಡ್ಡವರಾಗಿ ಶಾಲೆ ಬಿಟ್ಟುಹೋದರೂ ಅವರ ಕೈಗಳು ಅದರಲ್ಲಿ ಉಳಿದಿದ್ದವು. ಪ್ರತಿ ಭಾನುವಾರ ಮೊಬೈಲು ಹಿಡಿದು ಅವನ್ನೆಲ್ಲ ಚಿತ್ರೀಕರಿಸಿದವರು ಭಾವ. ಹಿಡಿದುಕೊಳ್ಳುತ್ತೀರಾ ಎಂದು ಅಕ್ಕ ಕೇಳಿದ್ದಳು. ಅವರ ಉತ್ತರ ಏನಿದ್ದೀತು, ನೀವೇ ಊಹಿಸಿ.

ಅಷ್ಟೂ ವಿಡಿಯೋ ಇದ್ದದ್ದು ಬೆರಳುದ್ದದ ಒಂದು ಪೆನ್ ಡ್ರೈವಿನಲ್ಲಿ. ಮೊಬೈಲಿನಲ್ಲೂ ಇದ್ದವು. ಜಾಗ ಸಾಲದೆ ಮೊಬೈಲು ‘ಅಳಿಸಲೇ?’ ಎಂದು ಕೇಳಿದ ದಿನ ಅದು ಭಾವನ ಕೈಯಲ್ಲಿತ್ತು.

ಈಗ ಇಲಾಖೆಗೆ ಹೊಸ ಅಧಿಕಾರಿ ಬಂದಿದ್ದರು. ಕೈ ಆಡಿಸುವುದು ಭಾಷೆಯೇ ಅಲ್ಲ, ಮಕ್ಕಳು ತುಟಿ ನೋಡಿ ಮಾತು ಕಲಿಯಲಿ, ಕೈಮಾತಿನ ತರಗತಿ ಮುಚ್ಚಿಬಿಡೋಣ ಎನ್ನುವುದು ಅವರ ಅಭಿಪ್ರಾಯ. “ಭಾಷೆ ಅಂದ್ರೆ ಅದಕ್ಕೊಂದು ನಿಘಂಟು ಇರ್ಬೇಕು. ಇದ್ರೆ ತೋರ್ಸಿ, ಆಮೇಲೆ ನೋಡೋಣ” ಎಂದಿದ್ದರು. ಶುಕ್ರವಾರ ಮಧ್ಯಾಹ್ನ ಶಾಲೆಗೆ ಬರುವವರಿದ್ದರು. ಅವತ್ತು ತೋರಿಸದಿದ್ದರೆ ತರಗತಿಗೆ ಬೀಗ. ಅಕ್ಕ ವಾರದಿಂದ ಸರಿಯಾಗಿ ಊಟ ಮಾಡಿರಲಿಲ್ಲ.

ಗುರುವಾರ ಸಂಜೆ ಭಾವನಿಗೆ ಒಂದು ಸಣ್ಣ ಆಸೆ ಹುಟ್ಟಿತು. ಪೆನ್ ಡ್ರೈವನ್ನು ಚೆಂದದ ಡಬ್ಬಿಯಲ್ಲಿಟ್ಟು, ಡಬ್ಬಿಯ ಮೇಲೆ ಅಚ್ಚು ಹಾಕಿಸಿದ ಪಟ್ಟಿ ಅಂಟಿಸಿದರೆ ಅಧಿಕಾರಿಗಳ ಕಣ್ಣಿಗೆ ಗೌರವವಾಗಿ ಕಾಣುತ್ತದೆ ಎಂದರು. ಪಟ್ಟಿಯ ಬರಹವನ್ನು ತಾವೇ ಟೈಪು ಮಾಡಿ, ಅದೇ ಪೆನ್ ಡ್ರೈವಿಗೆ ಹಾಕಿಕೊಂಡು, ಬೀದಿ ಕೊನೆಯ ಪ್ರಿಂಟ್ ಅಂಗಡಿಗೆ ಹೊರಟರು. ನಾನೂ ಜೊತೆಗೆ ಹೋದೆ. ಅಲ್ಲಿ ಕಾಗದ ಹೊರಬಂದ ಮೇಲೆ ನೋಡಿದೆ. ಅಕ್ಕನ ಹೆಸರು ಇತ್ತು, ಚಿಕ್ಕದಾಗಿ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘ಛಾಯಾಗ್ರಹಣ, ಧ್ವನಿಗ್ರಹಣ ಹಾಗೂ ಸಮಗ್ರ ತಾಂತ್ರಿಕ ನಿರ್ದೇಶನ’ ಎಂದು ಭಾವನ ಹೆಸರು ಇತ್ತು.

“ಧ್ವನಿಗ್ರಹಣ ಎಲ್ಲಿ ಬಂತು ಭಾವ? ಕೈಮಾತಲ್ಲವೇ?”

“ಸದ್ದಾಗದೇ ಇರೋ ಹಾಗೆ ನೋಡ್ಕೊಂಡಿದ್ದು ನಾನೇ ಅಲ್ವೇನಯ್ಯ?”

ಪ್ರಿಂಟ್ ಅಂಗಡಿಯ ಕಂಪ್ಯೂಟರಿಗೆ ದಿನಕ್ಕೆ ಊರಿನ ಅರ್ಧ ಪೆನ್ ಡ್ರೈವುಗಳು ಬಂದು ಹೋಗುತ್ತವೆ. ಅದು ಭಾವನಿಗೂ ಏನೇನೋ ಕೇಳಿತ್ತು. ಅವರು ಎಲ್ಲಕ್ಕೂ ಒಪ್ಪಿಗೆ ಕೊಟ್ಟು ಬಂದಿದ್ದರು.

ಶುಕ್ರವಾರ ಬೆಳಿಗ್ಗೆ ಅಕ್ಕ ತರಗತಿ ಸಜ್ಜು ಮಾಡಲು ಬೇಗ ಹೋದಳು. ಮಧ್ಯಾಹ್ನಕ್ಕೆ ಮುಂಚೆ ಬಂದು ಪೆನ್ ಡ್ರೈವು ಒಯ್ಯುವುದೆಂದು ಮಾತು. ಅದಕ್ಕಾಗಿಯೇ ರಜೆ ಹಾಕಿದ್ದ ಭಾವ ಕೊನೆಯದಾಗಿ ಒಮ್ಮೆ ನೋಡೋಣವೆಂದು ಪೆನ್ ಡ್ರೈವನ್ನು ನಮ್ಮ ಕಂಪ್ಯೂಟರಿಗೆ ಚುಚ್ಚಿದರು. ‘ವೈರಸ್ ಸಿಕ್ಕಿದೆ, ತೆಗೆದುಹಾಕಲೇ?’ ಎಂದು ಕೇಳಿತು. ಹೌದು ಎಂದರು. ಆಮೇಲೆ ತೆರೆದು ನೋಡಿದರೆ ‘ಮಳೆ’, ‘ರೈಲು’, ‘ಕೋಪ’, ‘ನೆನಪು’ ಎಂದು ಪ್ರತಿ ಪದದ ಫೋಲ್ಡರೂ ಇತ್ತು. ಆದರೆ ಪ್ರತಿಯೊಂದರ ಮೂಲೆಯಲ್ಲೂ ಒಂದು ಪುಟ್ಟ ಬಾಗಿದ ಬಾಣದ ಗುರುತು ಕೂತಿತ್ತು.

“ಏನಿದು ಬಾಣ?” ಎಂದೆ.

“ವೈರಸ್ ತೆಗೆದಿದೀವಿ ಅನ್ನೋದಕ್ಕೆ ಸೀಲು ಹೊಡೆದಿರತ್ತೆ” ಎಂದರು ಭಾವ.

ಎಲ್ಲವನ್ನೂ ನಮ್ಮ ಕಂಪ್ಯೂಟರಿಗೆ ನಕಲು ಮಾಡಿಡುವುದು ಒಳ್ಳೆಯದೆಂದು ಅವರಿಗೆ ಹೊಳೆಯಿತು. ವರ್ಷಗಟ್ಟಲೆಯ ವಿಡಿಯೋಗಳು ಕಣ್ಣು ಮಿಟುಕಿಸುವುದರೊಳಗೆ ನಕಲಾದವು. “ನೋಡಿದ್ಯಾ ನಮ್ ಕಂಪ್ಯೂಟರ್ ವೇಗಾನ” ಎಂದರು. ನಾನು ನಿಜಕ್ಕೂ ಬೆರಗಾದೆ. ನಾನು ಓದಿದ್ದು ಇತಿಹಾಸ, ನನ್ನ ಮೇಲೆ ಯಾರೂ ಸಿಟ್ಟಾಗಬಾರದು.

ಆಗ ಅಕ್ಕನ ಫೋನು ಬಂತು. “ಎಲ್ಲಾ ಸರಿ ಇದ್ಯೇನ್ರೀ?”

“ಹೌದು” ಎಂದರು ಭಾವ. ಅಷ್ಟು ಹೇಳಿ ಸುಮ್ಮನಾಗಬಹುದಿತ್ತು. “ವೈರಸ್ ಬಂದಿತ್ತು, ಈಗಿಲ್ಲ. ನೀನೇನೂ ಯೋಚ್ನೆ ಮಾಡ್ಬೇಡ” ಎಂದೂ ಸೇರಿಸಿದರು. ಅತ್ತ ಕಡೆ ಫೋನು ಕಡಿದುಹೋಯಿತು.

ಭಾವನ ದನಿ ದೊಡ್ಡದು, ನಮ್ಮ ಕಟ್ಟಡದ ಗೋಡೆ ತೆಳ್ಳಗೆ. ಮೇಲಿನ ಮನೆಯ ವಕೀಲರು ಇಳಿದು ಬಂದರು. ಎದುರುಮನೆಯ ನರ್ಸಮ್ಮ ಡ್ಯೂಟಿ ಮುಗಿಸಿ ಬಂದ ಬಟ್ಟೆಯಲ್ಲೇ ಬಂದರು. ಇಬ್ಬರಿಗೂ ಭಾವ ಕುರ್ಚಿ ಹಾಕಿದರು.

“ಕೊನೇ ಸಲ ಇದು ಸರಿಯಿದ್ದಾಗ ಯಾರ ಸುಪರ್ದಿಯಲ್ಲಿತ್ತು?” ಎಂದರು ವಕೀಲರು.

“ನನ್ನ ಹತ್ರಾನೇ.”

“ಹಾಗೆಲ್ಲ ಒಪ್ಕೋಬೇಡಿ. ನೆನಪಿಲ್ಲ ಅನ್ನಿ.”

“ನಮ್ಮ ಆಸ್ಪತ್ರೆ ಕಂಪ್ಯೂಟರಿಗೂ ಹೀಗೇ ಆಗಿತ್ತು” ಎಂದರು ನರ್ಸಮ್ಮ. “ವೈರಸ್ ಹೋಯ್ತು ಅಂದ್ಕೊಂಡ್ರು, ಮೂಲೇಲಿ ಇನ್ನೂ ಉಳ್ಕೊಂಡಿತ್ತು. ಕೊನೆಗೆ ಫಾರ್ಮ್ಯಾಟ್ ಮಾಡಿದ್ರು. ತೊಳೆದಿಟ್ಟ ಹಾಗೆ ಆಯ್ತು.”

“ಅದರಲ್ಲಿದ್ದ ಫೈಲುಗಳು?” ಎಂದು ಕೇಳಿದೆ.

“ಹೇಳಿದ್ನಲ್ಲಪ್ಪ, ತೊಳೆದಿಟ್ಟ ಹಾಗೆ.”

ಭಾವನಿಗೆ ಈ ಮಾತು ಬಹಳ ಹಿಡಿಸಿತು. ನಕಲು ಹೇಗೂ ಆಗಿದೆ, ಪೆನ್ ಡ್ರೈವನ್ನು ತೊಳೆದು ನಕಲನ್ನು ಮತ್ತೆ ಅದಕ್ಕೇ ತುಂಬಿಸಿದರೆ ಅಧಿಕಾರಿಗಳ ಕೈಗೆ ಶುದ್ಧವಾದದ್ದನ್ನು ಕೊಟ್ಟಂತಾಯಿತು. ಫಾರ್ಮ್ಯಾಟ್ ಎಂಬುದನ್ನು ಹುಡುಕಿ ಒತ್ತಿದರು. ವಕೀಲರು ಸಾಕ್ಷ್ಯನಾಶ ಎನ್ನುತ್ತ ಎದ್ದುನಿಂತರು. ನರ್ಸಮ್ಮ ಶುಚಿತ್ವದ ಪರವಾಗಿ ಎದ್ದುನಿಂತರು. ಇಬ್ಬರ ವಾದದ ಗದ್ದಲದಲ್ಲಿ ತೆರೆಯ ಮೇಲೆ ಒಂದು ಎಚ್ಚರಿಕೆ ಮೂಡಿತು. ಭಾವ ಓದುವುದಿಲ್ಲವೆಂದು ಗೊತ್ತಿದ್ದರಿಂದ ನಾನೇ ಗಟ್ಟಿಯಾಗಿ ಓದಿದೆ. “ಇದರಲ್ಲಿರೋದೆಲ್ಲಾ ಅಳಿಸಿಹೋಗುತ್ತೆ. ಮುಂದುವರಿಯಲೇ?” ನನ್ನ ದನಿ ನನಗೇ ಕೇಳಿಸಲಿಲ್ಲ. ಭಾವನ ಬೆರಳು ‘ಹೌದು’ ಕಡೆಗೆ ಹೊರಟಿತ್ತು.

ಅಷ್ಟರಲ್ಲಿ ಭಾವನ ಎದುರಿನ ಬಾಗಿಲಲ್ಲಿ ಅಕ್ಕ ಕಾಣಿಸಿಕೊಂಡಳು, ಏದುಸಿರು ಬಿಡುತ್ತ. ಆ ಗಲಾಟೆಯಲ್ಲಿ ಅವಳಿಗೂ ಏನೂ ಕೇಳಿಸಿರಲಾರದು. ಆದರೆ ದಿನವೂ ತುಟಿ ಓದುವವರ ನಡುವೆ ಬದುಕುವವಳು ಅವಳು. ನನ್ನ ತುಟಿ ಓದಿಬಿಟ್ಟಳು. ಕೂಗಿದರೆ ಭಾವನಿಗೆ ತಲುಪುವುದಿಲ್ಲವೆಂದು ಗೊತ್ತಿತ್ತು. ಕೈ ಎತ್ತಿದಳು. ಅಂಗೈಯನ್ನು ಎದೆಯ ಮುಂದೆ ಹಿಡಿದು, ಹೊರಗೆ ತಳ್ಳಿ, ಬೆರಳುಗಳನ್ನು ಝಾಡಿಸಿದಳು: ಬೇಡ.

ಭಾವನ ಬೆರಳು ಅಲ್ಲೇ ನಿಂತಿತು. ಯಾರ ಮಾತನ್ನೂ ಪೂರ್ತಿ ಕೇಳಿಸಿಕೊಳ್ಳದ ನನ್ನ ಭಾವ ಮೇಜಿನಿಂದ ಕೈ ತೆಗೆದು, ಎರಡೂ ಕೈಯಲ್ಲಿ ಅಕ್ಕನಿಗೆ ಉತ್ತರ ಹೇಳತೊಡಗಿದರು. ಬೆರಳು ಮಡಿಸಿದರು, ಬಿಡಿಸಿದರು, ಹುಬ್ಬು ಏರಿಸಿದರು, ಇಳಿಸಿದರು. ಅಕ್ಕ ಕೇಳಿದಳು, ಅವರು ಹೇಳಿದರು. ಒಂದಕ್ಷರ ಸದ್ದಿಲ್ಲ. ವಕೀಲರೂ ನರ್ಸಮ್ಮನೂ ವಾದ ಬಿಟ್ಟು ನೋಡುತ್ತ ನಿಂತರು. ಮೊಬೈಲು ಹಿಡಿದು ನಿಂತಷ್ಟೂ ಭಾನುವಾರಗಳಲ್ಲಿ ಭಾವ ತಮಗೇ ಗೊತ್ತಿಲ್ಲದಂತೆ ಒಂದು ಇಡೀ ಭಾಷೆ ಕಲಿತಿದ್ದರು.

“ಏನಂದ್ರಿ ಭಾವ?” ಎಂದು ಪಿಸುಗುಟ್ಟಿದೆ.

“ಎಲ್ಲಾ ನಕಲು ಮಾಡಿದೀನಿ, ಭಯ ಬೇಡ ಅಂದೆ. ತೋರಿಸು ಅಂತಾಳೆ.”

ನಕಲಿನಲ್ಲಿದ್ದ ‘ಮಳೆ’ಯನ್ನು ಒತ್ತಿದರು. ‘ಈ ಫೋಲ್ಡರ್ ಕಾಣಿಸುತ್ತಿಲ್ಲ’ ಎಂದಿತು. ‘ರೈಲು’ ಒತ್ತಿದರು. ಅದೇ ಉತ್ತರ. ಒಂದೊಂದನ್ನೇ ಒತ್ತುತ್ತ ಹೋದರು. ಯಾವುದರ ಹಿಂದೆಯೂ ಏನೂ ಇರಲಿಲ್ಲ. ಭಾವ ಮತ್ತೆ ಚೀಟಿಗಳನ್ನಷ್ಟೇ ಸಾಗಿಸಿದ್ದರು.

ಅಕ್ಕ ಮೆಲ್ಲಗೆ ಬಂದು ಸ್ಟೂಲಿನ ಮೇಲೆ ಕೂತಳು. ಬೈಯಲಿಲ್ಲ, ಅಳಲಿಲ್ಲ. ಕೈ ಎರಡೂ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಅವಳ ಕೈ ಅಷ್ಟು ಸುಮ್ಮನಿದ್ದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಭಾವ ಜೇಬಿನಿಂದ ಅಚ್ಚು ಹಾಕಿಸಿದ ಪಟ್ಟಿ ತೆಗೆದು ನೋಡಿ, ನಾಲ್ಕು ಮಡಿಕೆ ಮಾಡಿ, ಮತ್ತೆ ಜೇಬಿಗೇ ತುರುಕಿಕೊಂಡರು.

“ಅಧಿಕಾರಿಗೆ ಒಂದು ವಾರ ಗಡುವು ಕೇಳಿ ನೋಡಮ್ಮ” ಎಂದರು ವಕೀಲರು, ಈ ಸಲ ಮೆತ್ತಗೆ.

“ಹೋದ ಮಕ್ಕಳನ್ನ ಎಲ್ಲಿಂದ ಕರ್ಕೊಂಡ್ ಬರ್ಲಿ ವಕೀಲ್ರೇ?” ಎಂದಳು ಅಕ್ಕ.

ಭಾವ ಕಂಪ್ಯೂಟರನ್ನೇ ನೋಡುತ್ತಿದ್ದರು. “ಕಳೆದದ್ದು ಎಲ್ಲಿಗೂ ಹೋಗಿರಲ್ಲ ಕಣೇ” ಎಂದರು. “ನಮ್ಮ ಕಚೇರೀಲಿ ನಾನು ನೋಡಿದೀನಲ್ಲ. ಚೀಟಿ ಇಲ್ಲಿ ಬಂದ್ರೆ ಬ್ಯಾಗು ಹಳೇ ಕೋಣೇಲೇ ಇರತ್ತೆ.”

ಹಳೆಯ ಕೋಣೆ ಎಂದರೆ ಪೆನ್ ಡ್ರೈವು. ನಾನು ಬಗ್ಗಿ ನೋಡಿದೆ. ಒಳಗೆ ಬರೀ ಬಾಣದ ಚೀಟಿಗಳು, ಆದರೆ ಪಕ್ಕದ ಪಟ್ಟಿಯಲ್ಲಿ ಪೆನ್ ಡ್ರೈವು ತುಂಬಿಹೋಗಿದೆ ಎಂದು ಕೆಂಪಗೆ ತೋರಿಸುತ್ತಿತ್ತು. ಖಾಲಿಯಾಗಿದ್ದರೆ ತುಂಬಿದ್ದು ಹೇಗೆ? ಯಾರಿಗೂ ಗೊತ್ತಿರಲಿಲ್ಲ, ಭಾವನಿಗೂ ಗೊತ್ತಿರಲಿಲ್ಲ. ಅವರು ತಮಗೆ ಗೊತ್ತಿದ್ದ ಒಂದೇ ವಿದ್ಯೆ ಪ್ರಯೋಗಿಸಿದರು. ಮೇಲಿನ ಸಾಲಿನಲ್ಲಿದ್ದ ಆಯ್ಕೆಗಳನ್ನು ತೆರೆದು, ಕಂಡ ಕಂಡದ್ದಕ್ಕೆಲ್ಲ ಒಪ್ಪಿಗೆ ಕೊಡುತ್ತ ಹೊರಟರು. ಅಕ್ಷರ ದೊಡ್ಡದಾಯಿತು, ಬಣ್ಣ ಬದಲಾಯಿತು, ಎಲ್ಲ ಎಡದಿಂದ ಬಲಕ್ಕೆ ಹೋಯಿತು. ‘ಅಡಗಿರುವ ಫೈಲುಗಳನ್ನು ತೋರಿಸು’ ಎಂಬುದಕ್ಕೂ ಗುರುತು ಹಾಕಿದರು. ಏನೂ ಆಗಲಿಲ್ಲ. ಅದರ ಕೆಳಗಿತ್ತು ಇನ್ನೊಂದು, ‘ಕಂಪ್ಯೂಟರಿನ ಸ್ವಂತ ಫೈಲುಗಳನ್ನು ಅಡಗಿಸಿಡು’ ಎಂದು. ಅದಕ್ಕೆ ಮೊದಲೇ ಗುರುತಿತ್ತು. ಭಾವ ಒತ್ತಿದ್ದರಿಂದ ಗುರುತು ಹೋಯಿತು, ಕಂಪ್ಯೂಟರು ಗಾಬರಿಯಿಂದ ಕೇಳಿತು.

ನಾನು ಓದಿದೆ. “ಇದನ್ನು ತೋರಿಸುವುದು ಅಪಾಯ. ಖಂಡಿತವಾಗಿಯೂ ತೋರಿಸಲೇ?”

“ಬೇಡ ಅನ್ನಿ” ಎಂದರು ವಕೀಲರು.

ಭಾವ ಅಕ್ಕನ ಮುಖ ನೋಡಿದರು. ಅವರು ಒಂದು ಪ್ರಶ್ನೆಗೆ ಉತ್ತರ ಕೊಡುವ ಮುಂಚೆ ಇನ್ನೊಬ್ಬರನ್ನು ಕೇಳಿದ್ದು ಅದೇ ಮೊದಲು. ಅಕ್ಕ ಮಡಿಲಿನಿಂದ ಕೈ ಎತ್ತಿ, ಮುಷ್ಟಿ ಕಟ್ಟಿ, ತಲೆ ಆಡಿಸಿದಂತೆ ಮೇಲೆ ಕೆಳಗೆ ಆಡಿಸಿದಳು.

ಭಾವ ಒತ್ತಿದರು. ಬಾಣದ ಚೀಟಿಗಳ ಪಕ್ಕದಲ್ಲಿ ಮಂಜು ಹಿಡಿದ ಗಾಜಿನ ಹಿಂದಿದ್ದಂತೆ ಮಸುಕಾಗಿ ಒಂದು ಫೋಲ್ಡರು ಕಂಡಿತು. ಆಮೇಲೆ ಇನ್ನೊಂದು. ಆಮೇಲೆ ಇಡೀ ತೆರೆ ತುಂಬಿತು. ವೈರಸ್ಸು ಒಂದನ್ನೂ ತಿಂದಿರಲಿಲ್ಲ. ಕಂಪ್ಯೂಟರಿನ ಸ್ವಂತ ಸಾಮಾನಿನಂತೆ ವೇಷ ಹಾಕಿಸಿ ಬಚ್ಚಿಟ್ಟು, ಮುಂದೆ ಬರೀ ಹೆಸರಿನ ಚೀಟಿ ನಿಲ್ಲಿಸಿತ್ತು. ಭಾವ ಮಸುಕು ‘ಮಳೆ’ಯನ್ನು ಒತ್ತಿದರು.

ಒಬ್ಬ ಪುಟ್ಟ ಹುಡುಗಿ ತೆರೆಯ ಮೇಲೆ ನಿಂತಿದ್ದಳು. ಕೈ ಎರಡನ್ನೂ ತಲೆಯ ಮೇಲಕ್ಕೆತ್ತಿ, ಹತ್ತೂ ಬೆರಳು ಕುಣಿಸುತ್ತ ಕೆಳಗಿಳಿಸಿದಳು. ಮುಖ ಮೇಲೆತ್ತಿ, ಹನಿ ಬಿದ್ದವಳಂತೆ ಕಣ್ಣು ಮುಚ್ಚಿದಳು. ನರ್ಸಮ್ಮ ತಮಗರಿವಿಲ್ಲದೆ ಸೆರಗು ತಲೆಗೆ ಎಳೆದುಕೊಂಡರು. ಒಂದು ಮುಗಿದರೆ ಇನ್ನೊಂದು ಹಾಕಿಸಿಕೊಂಡು ನೋಡಿದೆವು. ‘ನೆನಪು’ ಬಂದಾಗ ವಕೀಲರು ಕನ್ನಡಕ ಒರೆಸಿಕೊಂಡರು. ಇಷ್ಟು ದಿನ ನಾನು ಇದೇ ಮನೆಯಲ್ಲಿ ಉಂಡು ಮಲಗಿ, ಇದನ್ನು ಒಮ್ಮೆಯೂ ಕೂತು ನೋಡಿರಲಿಲ್ಲವಲ್ಲ ಎನಿಸಿತು.

ಅಕ್ಕ ಈಗ ಅತ್ತಳು. ಅಳುತ್ತಲೇ “ಇನ್ನೇನೂ ಒತ್ಬೇಡಿ, ನಕಲು ಮಾಡ್ಕೊಂಡು ಹೊರಡೋಣ” ಎಂದಳು. ಫೋಲ್ಡರುಗಳನ್ನು ನಮ್ಮ ಕಂಪ್ಯೂಟರಿಗೆ ನಕಲು ಮಾಡಿದೆವು. ಈ ಸಲ ಬಹಳ ಹೊತ್ತು ಹಿಡಿಯಿತು. ನಿಧಾನವಾಗಿದೆ ಎಂದು ನಮಗೆಲ್ಲ ಅಷ್ಟು ಸಂತೋಷವಾದದ್ದು ಇನ್ಯಾವತ್ತೂ ಇಲ್ಲ. ಆಮೇಲೆ ಪೆನ್ ಡ್ರೈವನ್ನು ನಂಬದೆ, ನಿಘಂಟಿನೊಂದಿಗೆ ಕಂಪ್ಯೂಟರನ್ನೇ ಹೊತ್ತುಕೊಂಡು ಶಾಲೆಗೆ ಹೊರಟೆವು.

ಅಧಿಕಾರಿಗಳು ಸಮಯಕ್ಕೆ ಸರಿಯಾಗಿ ಬಂದರು. ಮೊದಲ ಸಾಲಿನಲ್ಲಿ ಕೂತು ಒಂದಷ್ಟು ವಿಡಿಯೋ ನೋಡಿದರು. ಹಿಂದೆ ಮಕ್ಕಳು ಕೂತಿದ್ದರು. ತಮ್ಮ ಅಕ್ಕ ಅಣ್ಣಂದಿರನ್ನು ತೆರೆಯ ಮೇಲೆ ಗುರುತಿಸಿ ಪರಸ್ಪರ ಕೈಯಲ್ಲೇ ಹರಟುತ್ತಿದ್ದರು.

“ಚೆನ್ನಾಗೇನೋ ಇದೆಯಮ್ಮ” ಎಂದರು ಅಧಿಕಾರಿಗಳು. “ಆದ್ರೆ ಇದನ್ನ ಭಾಷೆ ಅಂತ ಹೇಗೆ ಬರೀಲಿ? ಗೊತ್ತಿರೋರಿಗೆ ಗೊತ್ತಾಗತ್ತೆ. ಹೊರಗಿನ ಮನುಷ್ಯನ ಹತ್ರ ಇವರು ಒಂದು ವ್ಯವಹಾರ ಮಾಡಕ್ಕಾಗುತ್ತಾ? ನನ್ನಂಥೋನಿಗೆ ಏನು ಅರ್ಥ ಆಗತ್ತೆ ಹೇಳಿ? ಇರ್ಲಿ, ಕಚೇರೀಲಿ ಇನ್ನೊಮ್ಮೆ ನೋಡ್ತೀನಿ. ಒಂದು ನಕಲು ಕೊಡಿ.”

ಎದ್ದುನಿಂತು, ಬೀಗದ ಕೈ ಗೊಂಚಲಿನಿಂದ ತಮ್ಮ ಪೆನ್ ಡ್ರೈವು ಬಿಡಿಸಿ ಭಾವನ ಕಡೆ ಚಾಚಿದರು. “ಹಾಕಿ. ನಾನು ಹೋದ ಶಾಲೇಲೆಲ್ಲ ಇದನ್ನೇ ಹಾಕೋದು. ಇದು ಹೊಕ್ಕದೇ ಇರೋ ಕಂಪ್ಯೂಟರೇ ಇಲ್ಲ.”

ಅಕ್ಕನ ಮುಖ ಬಿಳಿಚಿಕೊಂಡಿತು. ತರಗತಿಯ ಹಣೆಬರಹ ಬರೆಯುವ ಅಧಿಕಾರಿಗೆ ಆಗುವುದಿಲ್ಲ ಎನ್ನುವವರು ಯಾರು? ಛತ್ರಿ ಕಳ್ಳನಿಗೂ ಆಗುವುದಿಲ್ಲ ಎನ್ನದ ಭಾವನೇ? ಭಾವ ಬಾಯಿ ತೆರೆದರು. ‘ಹೌ’ ಎಂಬಲ್ಲಿಯವರೆಗೆ ಬಂದೂಬಿಟ್ಟಿತ್ತು. ಅಲ್ಲಿಗೆ ತಡೆದು, ತೆರೆಯ ಮೇಲಿದ್ದ ಮಕ್ಕಳನ್ನು ನೋಡಿದರು. ತುಟಿ ಮುಚ್ಚಿದರು, ತೆರೆದರು, ಮತ್ತೆ ಮುಚ್ಚಿದರು. ಆ ಮಾತು ಅವರ ಬಾಯಲ್ಲಿ ಹುಟ್ಟುವಂಥದ್ದೇ ಅಲ್ಲ.

ಆಗ ಅವರ ಕೈ ಮೇಲೆದ್ದಿತು. ಅಂಗೈಯನ್ನು ಎದೆಯ ಮುಂದೆ ಹಿಡಿದು, ಹೊರಗೆ ತಳ್ಳಿ, ಬೆರಳುಗಳನ್ನು ಝಾಡಿಸಿದರು. ಅಧಿಕಾರಿಗಳ ಪೆನ್ ಡ್ರೈವಿನ ಕಡೆ ತೋರಿಸಿ, ಒಂದು ಬೆರಳನ್ನು ಇನ್ನೊಂದು ಅಂಗೈ ಮೇಲೆ ಮಿಣಮಿಣ ಹರಿದಾಡಿಸಿದರು. ತೆರೆಯ ಕಡೆ ತೋರಿಸಿ, ಎರಡೂ ಕೈಯಲ್ಲಿ ಗಬಗಬ ನುಂಗಿ, ಖಾಲಿ ಅಂಗೈ ಬಿಡಿಸಿದರು. ಹಿಂದಿನ ಸಾಲಿನ ಮಕ್ಕಳೆಲ್ಲ ಬೆಂಚಿನ ಮೇಲೆ ಹತ್ತಿ ನಿಂತರು.

ಅಧಿಕಾರಿಗಳ ಮುಖ ಕೆಂಪಾಯಿತು. “ನನ್ನ ಪೆನ್ ಡ್ರೈವಲ್ಲಿ ಹುಳ ಇದೆ ಅಂತೀರಾ? ಹಾಕಿದ್ರೆ ಎಲ್ಲಾ ತಿಂದ್ಹಾಕತ್ತಾ?”

“ಅವರು ಹಾಗಂದ್ರಾ ಸಾರ್?” ಎಂದಳು ಅಕ್ಕ.

“ಈಗ ತಾನೇ ಅಂದ್ರಲ್ಲಮ್ಮ. ನಿಮ್ಮೆದುರಿಗೇ.”

“ನಂಗೇನೂ ಕೇಳಿಸ್ಲಿಲ್ಲ ಸಾರ್.”

ಅಧಿಕಾರಿಗಳು ಮತ್ತೇನೋ ಹೇಳಲು ಬಾಯಿ ತೆರೆದವರು ಹಾಗೇ ನಿಂತರು. ಭಾವನ ಕೈಗಳನ್ನು ನೋಡಿದರು. ಹಿಂತಿರುಗಿ ಬೆಂಚಿನ ಮೇಲೆ ನಿಂತಿದ್ದ ಮಕ್ಕಳನ್ನು ನೋಡಿದರು. ತಮ್ಮ ಪೆನ್ ಡ್ರೈವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ಜೇಬಿಗೆ ಹಾಕಿಕೊಂಡು, ನಿಧಾನವಾಗಿ ಕೂತು, “ಆ ಮಳೆ ಹುಡುಗೀನ ಇನ್ನೊಂದ್ಸಲ ಹಾಕಿ” ಎಂದರು. ತರಗತಿಗೆ ಬೀಗ ಹಾಕುವ ಮಾತನ್ನು ಅವರಾಗಲಿ ಬೇರೆಯವರಾಗಲಿ ಆಮೇಲೆ ಎತ್ತಲಿಲ್ಲ.

ಅವರು ಹೋದ ಮೇಲೆ ಅಕ್ಕ ಸೀದಾ ಬಂದು ಭಾವನ ಜೇಬಿಗೆ ಕೈ ಹಾಕಿ, ನಾಲ್ಕು ಮಡಿಕೆಯ ಪಟ್ಟಿಯನ್ನು ಹೊರಗೆಳೆದಳು. ಬಿಡಿಸಿ ಓದಿದಳು. ‘ಸಮಗ್ರ ತಾಂತ್ರಿಕ ನಿರ್ದೇಶನ’ ಎಂಬಲ್ಲಿ ಸ್ವಲ್ಪ ಹೊತ್ತು ನಿಂತಳು. ಭಾವ ನೆಲ ನೋಡುತ್ತಿದ್ದರು.

“ಇದನ್ನ ಡಬ್ಬಿ ಮೇಲೆ ಅಂಟಿಸ್ಲೇನ್ರೀ?”

ಭಾವ ಯೋಚನೆ ಮಾಡಿದರು. ಒಂದು ಪ್ರಶ್ನೆಗೆ ಅವರು ಅಷ್ಟು ಹೊತ್ತು ಯೋಚಿಸಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

“ಹೌದು” ಎಂದರು.